ಭಾನುವಾರ ಮಾತ್ರ ಮಿನುಗಿದ ಚಿತ್ರ

"ಇದರ ಆಟೋಫೋಕಸ್ ಕೆಟ್ಟಿದೆ. ಮೊದಲೇ ಹೇಳಿಬಿಡ್ತೀನಿ."

ಬ್ರಿಡ್ಜ್‌ವಾಟರ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಹಳೆಯ ಕ್ಯಾಮೆರಾ ಮುಂದಿಟ್ಟು ಕಶ್ಯಪ್ ಹಾಗೆಂದಾಗ ಹಂಸಿನಿ ನಕ್ಕುಬಿಟ್ಟಳು. ಡಿವೋರ್ಸ್ ಆದಮೇಲೆ ಅಪರಿಚಿತರ ಮುಂದೆ ನಕ್ಕಿದ್ದು ಅದೇ ಮೊದಲು...

"ನನಗೆ ಆಟೋ ಬೇಕಾಗೇ ಇಲ್ಲ. ಮಣ್ಣಿನ ಗೊಂಬೆನ ಚೂರೇ ಚೂರು ಸರಿಸಿ ಒಂದು ಫೋಟೋ, ಮತ್ತೆ ಸರಿಸಿ ಇನ್ನೊಂದು. ಎಲ್ಲಾ ಜೋಡಿಸಿದ್ರೆ ಗೊಂಬೆ ನಡೆದಾಡೋ ಸಿನಿಮಾ. ಫೋಕಸ್, ಬೆಳಕು ಎಲ್ಲಾ ಕೈಯಲ್ಲೇ ಸೆಟ್ ಮಾಡಿ ಹಾಗೇ ಬಿಡಬೇಕು."

ಹೊಸ ಕ್ಯಾಮೆರಾ ಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. ಕ್ರ್ಯಾನ್‌ಬರಿಯ ಅವಳ ಮನೆಯ ಬೇಸ್‌ಮೆಂಟಿಗೆ ಈ ಹಳೆಯದೇ ಬಂತು. ಅದನ್ನು ಬಳಸುವುದು ಹೇಗೆಂದು ತೋರಿಸಲು ಅವನೂ ಬಂದ. ಆಮೇಲೆ ಪ್ರತಿ ಭಾನುವಾರ ಬೆಲ್‌ರೋಸ್‌ನ ತನ್ನ ಮನೆಯಿಂದ ಒಂದೂವರೆ ಗಂಟೆ ಡ್ರೈವ್ ಮಾಡಿಕೊಂಡು ಬಂದ.

ಗೊಂಬೆಯ ಕೈಕಾಲು ತಿರುಗಿಸಲು ಅಷ್ಟು ದೂರದಿಂದ ಯಾರಾದರೂ ಬರುತ್ತಾರೆಯೇ? ಹಂಸಿನಿಗೆ ಅರ್ಥವಾಗಿತ್ತು. ಅರ್ಥವಾಗದವಳಂತೆ ಕಾಫಿ ಮಾಡಿಕೊಡುತ್ತಿದ್ದಳು, ಅಷ್ಟೇ.

ಮೂರು ತಿಂಗಳಾದ ಮೇಲೆ ಫೋಟೋಗಳನ್ನೆಲ್ಲ ಜೋಡಿಸಿ ಓಡಿಸಿದಳು. ಅವಳೊಬ್ಬಳೇ ತೆಗೆದ ಭಾಗಗಳು ಚೆನ್ನಾಗಿದ್ದವು. ಭಾನುವಾರದವು ಮಾತ್ರ ಮಿನುಗುತ್ತಿದ್ದವು, ಗೊಂಬೆಗಳ ಮುಖದ ಬೆಳಕು ಏರಿಳಿಯುತ್ತಿತ್ತು. ಹಳೆಯ ಅನುಮಾನ ಎದ್ದು ಕೂತಿತು. ಆ ಗಂಡನೂ ಸಿಹಿಯಾಗಿ ಮಾತಾಡುತ್ತಲೇ ಎಲ್ಲ ಕೆಡಿಸಿದವನಲ್ಲವೇ?

"ನೀವು ಬಂದಾಗ ಮಾತ್ರ ಹೀಗಾಗುತ್ತೆ. ಏನೋ ಮುಟ್ತೀರಾ, ಆಮೇಲೆ ಮುಚ್ಚಿಡ್ತೀರಾ. ಇನ್ಮೇಲೆ ಬರಬೇಡಿ."

ಕಶ್ಯಪ್ ಕೈಯಲ್ಲಿದ್ದ ಗೊಂಬೆಯನ್ನು ಮೇಜಿನ ಮೇಲೆ ನಿಲ್ಲಿಸಿ, ಅದು ಬೀಳುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ಹೊರಟುಹೋದ.

ಎಂಟು ವಾರ ಮನೆ ಬಿಕೋ ಎಂದಿತು. ಒಂದು ಶನಿವಾರ ನಾಮಕರಣ ಮುಗಿಸಿ ಬಂದ ಹಂಸಿನಿ ಹಳದಿ ರೇಷ್ಮೆ ಸೀರೆಯಲ್ಲೇ ಕೆಲಸಕ್ಕೆ ನಿಂತಳು. ಓಡಿಸಿ ನೋಡಿದರೆ ಚಿತ್ರ ಮಿನುಗಿತು! ಪಕ್ಕದಲ್ಲಿ ಯಾರೂ ಇರಲಿಲ್ಲ.

ಸೆರಗನ್ನು ದೀಪದ ಮುಂದೆ ಹಿಡಿದು ನೋಡಿದಳು. ಅದರ ಹೊಳಪು ಗೊಂಬೆಗಳ ಮೇಲೆ ಬೀಳುತ್ತಿತ್ತು. ಅವಳು ಅಲುಗಿದಂತೆಲ್ಲ ಆ ಬೆಳಕೂ ಅಲುಗುತ್ತಿತ್ತು.

ವಾರವಿಡೀ ಅವಳು ಹಾಕುತ್ತಿದ್ದದ್ದು ಮಾಸಿದ ಬೂದು ಸ್ವೆಟ್‌ಶರ್ಟು. ಭಾನುವಾರ ಮಾತ್ರ, ಅವನು ಬರುತ್ತಾನೆಂದು, ಹಳದಿ, ಬಿಳಿ, ಗುಲಾಬಿ ಕುರ್ತಾಗಳು...

ಅಯ್ಯೋ, ನಾನು ಸಿಂಗರಿಸಿಕೊಂಡ ತಪ್ಪಿಗೆ ಅವನನ್ನು ಓಡಿಸಿದೆನಲ್ಲ! ಪೆದ್ದಿ, ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಇಬ್ಬರಿಗೂ ಪರಿಚಯ ಮಾಡಿಸಿದ್ದ ಗಾರ್ಗಿಗೆ ಫೋನ್ ಮಾಡಿದರೆ ಸಿಕ್ಕಿದ್ದು ಇನ್ನೊಂದು ಸುದ್ದಿ. ಕಶ್ಯಪ್‌ಗೆ ಸಿಯಾಟಲ್‌ನಲ್ಲಿ ಕೆಲಸವಾಗಿದೆ, ಸೋಮವಾರವೇ ಹೊರಡುತ್ತಾನೆ.

ಅಂದು ಸಂಜೆಯೇ ಬೆಲ್‌ರೋಸ್‌ಗೆ ಹೋದಳು. ರಟ್ಟಿನ ಪೆಟ್ಟಿಗೆಗಳ ನಡುವೆ ನಿಂತಿದ್ದ ಅವನಿಗೆ ಬಟ್ಟೆಯ ವಿಷಯವನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

"ನಿಮ್ಮ ಕಣ್ಣಿಗೆ ಚೆನ್ನಾಗಿ ಕಾಣ್ಬೇಕು ಅಂತಿತ್ತು. ಅದನ್ನ ನನಗೆ ನಾನೇ ಒಪ್ಕೊಂಡಿರ್ಲಿಲ್ಲ, ಕಶ್ಯಪ್."

ಅವನು ಕೈಯಲ್ಲಿದ್ದ ಟೇಪನ್ನು ಪೆಟ್ಟಿಗೆಯ ಮೇಲಿಟ್ಟ.

"ಆಮೇಲೂ ಭಾನುವಾರ ಮನೇಲಿರೋಕೆ ಆಗ್ತಿರ್ಲಿಲ್ಲ. ಹೆದ್ದಾರೀಲಿ ನಿಮ್ಮೂರಿನ ಎಕ್ಸಿಟ್ ತನಕ ಬಂದು ವಾಪಸ್ ಹೋಗ್ತಿದ್ದೆ."

"ಎಲ್ಲಾ ಭಾನುವಾರಾನೂ?"

"ಎಂಟೂ."

ಹಂಸಿನಿ ಒಂದು ಪೆಟ್ಟಿಗೆ ಸರಿಸಿ ಹತ್ತಿರ ಬಂದಳು. "ನಾಳೆ ಭಾನುವಾರ. ಎಕ್ಸಿಟ್‌ನಿಂದ ವಾಪಸ್ ಹೋಗ್ಬೇಡಿ."

"ನಾಡಿದ್ದು ನನ್ನ ಫ್ಲೈಟು, ಹಂಸಿನಿ."

"ಗೊತ್ತು... ಆದ್ರೂ ಬನ್ನಿ."

ಅವನು ಕಣ್ಣೊರೆಸಿಕೊಂಡ.

"ಬರ್ತೀನಿ."