ಅಕ್ಕಜ್ಜಿಯ ಕರಪತ್ರ

ನಾನು ಕರಾವಳಿಯ ನಾವುಂದದವಳು, ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತೇನೆ. ದೆವ್ವ, ಭೂತ ಎಂದು ಹೆದರುವವಳಲ್ಲ. ಕಳೆದ ಆಗಸ್ಟ್ ಹದಿನೈದರ ಬೆಳಿಗ್ಗೆ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ಬ್ರಿಟಿಷರ ಕಾಲದಲ್ಲಿ ನನ್ನ ಮುತ್ತಜ್ಜಿ ಅಕ್ಕು, ಮನೆಯವರ ಬಾಯಲ್ಲಿ ಅಕ್ಕಜ್ಜಿ, ಒಂದು ಕರಪತ್ರ ಬರೆದಿದ್ದಳು. ಅದನ್ನು ಓದಿಸಿ ಕೇಳಿದ ಮೀನುಗಾರರೆಲ್ಲ ಕಾನೂನು ಮುರಿದು ಕಡಲತಡಿಯಲ್ಲಿ ಉಪ್ಪು ಕಾಯಿಸಿದರಂತೆ. ಪೊಲೀಸರು ಪ್ರತಿಗಳನ್ನೆಲ್ಲ ಸುಟ್ಟರು. ನಮ್ಮ ಮನೆಯವರ ನೆನಪಿನಲ್ಲಿ ಉಳಿದದ್ದು ಮೊದಲ ಸಾಲು ಮಾತ್ರ: "ಕಡಲು ನಮ್ಮದು, ಉಪ್ಪಿನ ಸುಂಕ ಯಾರಿಗೆ?"

ಆ ಬೆಳಿಗ್ಗೆ ಶಾಲೆಯ ವೇದಿಕೆಯಲ್ಲಿ ಆ ಸಾಲನ್ನು ಹೆಮ್ಮೆಯಿಂದ ಹೇಳಿದೆ. ಅಷ್ಟರಲ್ಲಿ ಕರೆಂಟ್ ಹೋಗಿ ಮೈಕ್ ನಿಂತಿತು. ಮಾತು ನಿಲ್ಲಲಿಲ್ಲ. ನನಗೆ ಗೊತ್ತೇ ಇಲ್ಲದ ಸಾಲುಗಳು ನನ್ನ ದನಿಯಲ್ಲೇ ಬರುತ್ತಾ ಹೋದವು. "ಹೆದರಿಕೆಯನ್ನು ಸಾಕಿದವರು ನಾವೇ. ಇನ್ನು ಅದಕ್ಕೆ ಅನ್ನ ಹಾಕುವುದು ಬೇಡ." ಸಭಾಂಗಣದಲ್ಲಿ ಸೌದೆ ಹೊಗೆಯ ವಾಸನೆ ಎದ್ದಿತು. ನನ್ನ ತುಟಿಯೆಲ್ಲ ಉಪ್ಪುಪ್ಪಾಯಿತು. ಹಿಂದಿನ ಗೋಡೆಯ ಕಡೆಯಿಂದ ಒಬ್ಬೊಬ್ಬರಾಗಿ ಕೂಗತೊಡಗಿದರು: "ಹ್ವಾಯ್, ನಾನೂ ಬತ್ತೆ!" "ನಾನೂ ಬತ್ತೆ!" ಆ ಗೋಡೆಯ ಹತ್ತಿರ ಯಾರೂ ಇರಲಿಲ್ಲ.

ವೇದಿಕೆ ಇಳಿದಾಗ ಚಿಕ್ಕಮ್ಮ ಜಲಜ ನನ್ನ ಕೈ ಹಿಡಿದುಕೊಂಡು, "ಇಷ್ಟೆಲ್ಲ ಎಲ್ಲ್ ಕಲ್ತೆ ಹೆಣೆ?" ಎಂದು ಅತ್ತಳು.

ಸಹೋದ್ಯೋಗಿ ಯತೀಶ್ ಎಲ್ಲವನ್ನೂ ಮೊಬೈಲಿನಲ್ಲಿ ವಿಡಿಯೋ ಮಾಡಿದ್ದರು. ಅದನ್ನು ಕೇಳಿಯೇ ಕರಪತ್ರವನ್ನು ಪೂರ್ತಿ ಬರೆದುಕೊಂಡೆವು. ಈಗ ನಮ್ಮ ಮಕ್ಕಳಿಗೆಲ್ಲ ಅದು ಬಾಯಿಪಾಠ. ವಿಡಿಯೋದಲ್ಲಿರುವ ದನಿ ನನ್ನದೇ. ಆದರೆ ಮೊದಲ ಸಾಲು ಮುಗಿದ ಮೇಲೆ ನನ್ನ ಬಾಯಿ ಕೊನೆಯವರೆಗೂ ಮುಚ್ಚಿಯೇ ಇದೆ.