ಕೌದಿಗೆ ಹೋದ ಬೆಲ್‌ಬಾಟಂ

ಟ್ರಂಕಿನ ಮುಚ್ಚಳ ಎತ್ತಿದರೆ ಡಾಂಬರು ಗುಳಿಗೆಯ ವಾಸನೆ, ಅದರ ಹಿಂದೆಯೇ ದಪ್ಪ ನೀಲಿ ಬಟ್ಟೆಯದು. ಚಿಕ್ಕಂದಿನಿಂದ ಸುವರ್ಣಾಳಿಗೆ ಅಪ್ಪನೆಂದರೆ ಆ ವಾಸನೆ. ಎಪ್ಪತ್ತೈದರ ಬೆಲ್‌ಬಾಟಂ ಜೀನ್ಸ್ ಅದು. ಸಣ್ಣ ಪ್ಯಾಂಟಿನ ಕಾಲ ಬಂದಾಗ ಊರೆಲ್ಲ ಕಾಲು ಕಿರಿದು ಮಾಡಿಸಿಕೊಂಡರೂ ಅಪ್ಪ ಮಾಡಿಸಲಿಲ್ಲ. ಈಗ ಅಪ್ಪ ಇಲ್ಲ.

ಎರಡು ಸಾವಿರದ ಒಂದರಲ್ಲಿ ಅಗಲ ಕಾಲಿನ ಜೀನ್ಸ್ ಮತ್ತೆ ಬಂತು. ಎಂ.ಎ. ಓದಲು ಧಾರವಾಡಕ್ಕೆ ಹೊರಟವಳು ಅಪ್ಪನದನ್ನೇ ತೊಡಬೇಕೆಂದು, ಸೊಂಟ ಹಿಡಿಸಲು ಸಿಂದಗಿಯ ಟೇಲರ್ ಸಂಗಮೇಶನಿಗೆ ಕೊಟ್ಟಳು. ಅವನು ಟೇಪನ್ನು ಅವಳ ಕೈಗೇ ಕೊಟ್ಟು, ಗೋಡೆಯತ್ತ ತಿರುಗಿ ಅಳತೆ ಬರೆದುಕೊಂಡ. ಕನ್ನಡಿಯಲ್ಲಿ ಕಣ್ಣು ಕೂಡಿದವು.

"ಸೊಂಟ ಎರಡ ಸಲ ಬರದೀರಿ," ಎಂದು ನಕ್ಕಳು.

ಶನಿವಾರ ಪೊಟ್ಟಣ ಬಿಚ್ಚಿದರೆ ಕಾಲುಗಳು ಕೊಳವೆಯಾಗಿದ್ದವು. ಆ ಅಂಗಡಿಗೆ ಬಂದ ಹಳೆಯ ಬೆಲ್‌ಬಾಟಂಗಳೆಲ್ಲ ಕಾಲು ಸಣ್ಣ ಮಾಡಿಸಲೆಂದೇ ಬಂದಂಥವು. ರೂಢಿಬಿದ್ದ ಕತ್ತರಿ ಇದನ್ನೂ ಬಿಡಲಿಲ್ಲ.

"ನಮ್ಮಪ್ಪಂದದು," ಎಂದಳು. ದನಿ ಏರಲಿಲ್ಲ, ಅದಕ್ಕೇ ಅವನಿಗೆ ಹೆಚ್ಚು ಭಯವಾಯಿತು. "ಸೋಮವಾರ ಎಂಟಕ್ಕ ಬಸ್ಸೈತಿ. ಮೊದಲಿನಂಗ ಮಾಡಿಕೊಡ್ರಿ. ಇಲ್ಲಾಂದ್ರ ಈ ಅಂಗಡಿ ಕಡಿ ನಾ ಹಾಯೂದಿಲ್ಲ."

ಟೇಲರ್ ಅಂಗಡಿಯ ಚೂರುಗಳೆಲ್ಲ ಕೌದಿ ಹೊಲಿಯುವ ಬಾಳಮ್ಮನಿಗೆ ಸೇರುವುದು ವಾಡಿಕೆ. ರವಿವಾರ ಅವನು ಅವಳೂರು ದೇವಣಗಾಂವಕ್ಕೆ ಓಡಿದಾಗ, ನೀಲಿ ತುಂಡುಗಳು ಆಗಲೇ ಅವಳ ಬಸುರಿ ಮೊಮ್ಮಗಳ ಕೌದಿಯ ನಡುವೆ ಹೊಲಿದು ಕೂತಿದ್ದವು. ಅವನು ಆ ತುಂಡುಗಳನ್ನೇ ಸವರುತ್ತ ಕುಳಿತ. ಮುದುಕಿ ತಾನೇ ಕೆದಕಿ ಕೆದಕಿ ಕೇಳಿ, ಎಲ್ಲ ತಿಳಿದುಕೊಂಡಳು.

"ಆ ಹುಡುಗಿ ಮ್ಯಾಲ ಜೀವ ಐತೇನೋ ನಿಂದು?"

ಅವನು ನೆಲ ನೋಡಿದ. ಹೊಲಿಗೆ ಬಿಚ್ಚಲು ಬಾಳಮ್ಮ ಬ್ಲೇಡು ತಂದಳು.

"ಕೂಸು ಹುಟ್ಟಾಕ ಇನ್ನ ಎರಡು ತಿಂಗಳೈತಿ. ಮತ್ತ ಹೊಲಿತೇನಿ ತಗೋ."

ಖಾಲಿಯಾದ ಜಾಗಕ್ಕೆಂದು ಅವನು ತನ್ನ ಹೊಸ ಅಂಗಿಯ ಬಟ್ಟೆ ಕೊಟ್ಟು ಬಂದ.

ಸೋಮವಾರ ಅವನು ಬಸ್‌ಸ್ಟ್ಯಾಂಡ್ ಮುಟ್ಟಿದಾಗ ಡ್ರೈವರ್ ಎಂಜಿನ್ ಚಾಲೂ ಮಾಡಿದ್ದ. ಸುವರ್ಣಾ ಕಿಟಕಿಯ ಸೀಟಿನಲ್ಲಿದ್ದಳು. ಅವನು ಜೀನ್ಸ್ ಬಿಡಿಸಿ ಹಿಡಿದ. ಕಾಲುಗಳು ಮತ್ತೆ ಅಗಲವಾಗಿದ್ದವು. ಕೌದಿಯ ಸೂಜಿ ಹಾಯ್ದ ತೂತುಗಳು ಸಾಲುಸಾಲಾಗಿ ಕಾಣುತ್ತಿದ್ದವು.

"ತೂತು ಹೋಗೂದಿಲ್ರಿ. ನನ್ನ ತಪ್ಪು ಹಂಗ ಕಾಣ್ತೈತಿ."

ಅವಳು ಅದನ್ನು ಕಿಟಕಿಯಿಂದ ತೆಗೆದುಕೊಂಡು, ಆ ಸಾಲಿನ ಮೇಲೆ ಬೆರಳಾಡಿಸಿದಳು. "ಕಾಣ್ಲಿ ಬಿಡ್ರಿ."

"ನೀವು ಈ ಕಡಿ ಹಾಯ್ಲಿಲ್ಲಂದ್ರ ನಾ ಅಂಗಡಿ ತಗದು ಏನ್ ಮಾಡ್ಲಿ?"

ಅವಳ ಕಿವಿ ಕೆಂಪಾಯಿತು. ಕಂಡಕ್ಟರ್ ಸೀಟಿ ಊದಿದ.

"ನಾಗರಪಂಚಮಿಗೆ ಬರ್ತೇನಿ," ಎಂದಳು. "ಅಂಗಡಿ ತಗದಿರ್ರಿ."

ಅವನ ತುಟಿ ಒಣಗಿರುವುದು, ನಿನ್ನೆಯಿಂದ ಅವನು ಏನೂ ತಿಂದಂತಿಲ್ಲದಿರುವುದು ಆಗ ಅವಳ ಕಣ್ಣಿಗೆ ಬಿತ್ತು. ಅವ್ವ ದಾರಿಗೆಂದು ಕಟ್ಟಿದ್ದ ರೊಟ್ಟಿ, ಶೇಂಗಾಹಿಂಡಿಯ ಬುತ್ತಿಯನ್ನು ಚೀಲದಿಂದ ತೆಗೆದು, ಕಿಟಕಿಯಿಂದ ಅವನ ಕೈಗಿಟ್ಟಳು.