ಈ ಹಾಲು ಉಕ್ಕಬಾರದು

"ಬೀಗದ ಕೈ ಕೊಡಮ್ಮ."

"ಕೊಡಕಿಲ್ಲ."

ಕೇಳಿದವನು ಬಾಗಿಲಲ್ಲಿ ನಿಂತಿದ್ದ ಬೀರಯ್ಯ. ಅವನು ಗುಂಡ್ಲುಪೇಟೆಯ ಪ್ರವಾಸಿ ಬಂಗಲೆಗೆ ಮೇಲ್ವಿಚಾರಕನಾಗಿ ಬಂದು ಮೂರೇ ದಿನವಾಗಿತ್ತು. ಬಂಗಲೆಯ ಹಿಂದಿನ ಎರಡು ಕೋಣೆಯ ಮನೆಯನ್ನು ತೆರವು ಮಾಡಿಸು ಎಂದು ಮೇಲಿನವರ ಕಾಗದ ಬಂದಿತ್ತು. ಮನೆಯಲ್ಲಿರುವುದು ತಾಯಿ, ಮಗಳು ಇಬ್ಬರೇ. ಕೇಳಿದರೆ ಬಿಟ್ಟು ಹೋಗುತ್ತಾರೆ ಎಂದುಕೊಂಡಿದ್ದ.

ಪಾಪ, ಚಾಮುಂಡಿಯ ಸುದ್ದಿಯನ್ನು ಅವನಿಗೆ ಯಾರೂ ಹೇಳಿರಲಿಲ್ಲ!

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಾಗಿಲಿಗೆ ಅಡ್ಡ ನಿಂತು ಅವಳು ಹೇಳಿದಳು: "ನಮ್ಮಪ್ಪ ಇಪ್ಪತ್ತು ವರ್ಸ ಈ ಬಂಗ್ಲೆ ಬಟ್ಲರು. ಕಾಲು ಊದ್ಕಂಡು ಮಲಗಿದ್ ಮೇಲೆ ಎರಡು ವರ್ಸ ಬಂದೋರ್ಗೆಲ್ಲ ಬೇಯ್ಸಿದ್ದು ನಾನು. ಹೊಗಳುಸ್ಕಂಡಿದ್ದು ಅಪ್ಪ. ಈಗ ಆ ಕೆಲ್ಸ ನಂಗೇ ಕೊಡ್ಲಿ."

"ಹೆಂಗಸು ಬಟ್ಲರ್ ಆಗೋದು ಎಲ್ಲಾರ ಉಂಟಾ?"

"ಇಲ್ದಿದ್ರೆ ಇವತ್ತಿಂದ ಇರ್ಲಿ."

ಬಾಗಿಲು ದಡಾರನೆ ಮುಚ್ಚಿತು.

ಅದು ಸಾವಿರದ ಒಂಬೈನೂರ ಐವತ್ತನಾಲ್ಕನೇ ಇಸವಿ. ಚಾಮುಂಡಿಯ ಅಪ್ಪ ಮುದ್ದಯ್ಯ ತೀರಿಕೊಂಡು ಮೂರು ತಿಂಗಳಾಗಿತ್ತು. ಕೆಲಸ ಬೇರೆಯವರ ಪಾಲಾದರೆ ಮನೆಯೂ ಹೋಗುತ್ತದೆ. ಆಮೇಲೆ ಕುದೇರಿನ ಸೋದರಮಾವನ ಮನೆ ಸೇರಬೇಕು. ಆ ಮಾವ ಆಗಲೇ ಇವಳಿಗೊಂದು ಗಂಡು ಗೊತ್ತು ಮಾಡಿದ್ದ. ಗಂಡಿಗೆ ಎರಡನೇ ಸಂಬಂಧ, ಮೊದಲ ಹೆಂಡತಿಯ ಇಬ್ಬರು ಮಕ್ಕಳಿದ್ದರು. ಇಪ್ಪತ್ತೆರಡು ವರ್ಷದ ಹುಡುಗಿಗೆ ಇನ್ನೇನು ಬೇಕು ಅನ್ನುವುದು ಅವನ ವಾದ. ಆ ಹುಡುಗಿಗೆ ಬೇಕಾಗಿದ್ದದ್ದು ಒಲೆ. ತನ್ನದೇ ಹೆಸರಿನ ಒಲೆ.

ಬೀರಯ್ಯ ಬೀಗದ ಕೈಗಾಗಿ ಮತ್ತೆ ಬರಲಿಲ್ಲ. ಮರುದಿನ ಬಂದವನು ಜಗಲಿಯ ತುದಿಯಲ್ಲೇ ನಿಂತು, ಇಂಜಿನಿಯರ್ ಸಾಹೇಬರನ್ನು ಒಪ್ಪಿಸಿದ್ದೇನೆ ಎಂದ. ಮುಂದಿನ ವಾರವಲ್ಲ, ಅದರಾಚೆಯ ಬುಧವಾರ ಅವರು ಹೊಸ ಅಡುಗೆಯವನನ್ನು ಕರೆದುಕೊಂಡು ಬರುತ್ತಾರೆ. ಮುದ್ದಯ್ಯ ಮಾಡುತ್ತಿದ್ದ ನಡುಗಡ್ಡೆಯನ್ನು ಇವಳು ಮಾಡಿ ಬಡಿಸಲಿ, ಆಮೇಲೆ ತೀರ್ಮಾನ.

ನಡುಗಡ್ಡೆ ಅಂದರೆ ಹೊಳೆಯದಲ್ಲ, ತಿನ್ನುವುದು! ಊಟಿಗೆ ಹೊರಟು ಬಂಗಲೆಯಲ್ಲಿ ಎಂಟು ದಿನ ಜ್ವರ ಬಂದು ಮಲಗಿದ್ದ ಫ್ರಾನ್ಸ್ ದೇಶದ ಹೆಂಗಸೊಬ್ಬಳು ಮುದ್ದಯ್ಯನಿಗೆ ಕಲಿಸಿದ್ದ ಸಿಹಿ. ಮೊಟ್ಟೆಯ ಬಿಳಿಯನ್ನು ನೊರೆಯಾಗಿ ಕಡೆದು, ಸಕ್ಕರೆ ಸೇರಿಸಿ, ಬಿಸಿ ಹಾಲಿನಲ್ಲಿ ಚಮಚ ಚಮಚವಾಗಿ ಬೇಯಿಸಬೇಕು. ಅದೇ ಹಾಲಿಗೆ ಮೊಟ್ಟೆಯ ಹಳದಿ ಬೆರೆಸಿ ಗಟ್ಟಿ ಸಾರಿನ ಹದಕ್ಕೆ ತಂದು, ಅದರ ಮೇಲೆ ಆ ಬಿಳಿ ಉಂಡೆಗಳನ್ನು ತೇಲಿಬಿಡಬೇಕು. ಅವಳು ಹೇಳಿದ ಹೆಸರು ಮುದ್ದಯ್ಯನ ನಾಲಿಗೆಗೆ ಹೊರಳದೆ ನಡುಗಡ್ಡೆ ಎಂದು ಕರೆದಿದ್ದ. ವೆನಿಲಾ ಶೀಷೆ ಖಾಲಿಯಾದ ಮೇಲೆ ಏಲಕ್ಕಿ ಹಾಕುವುದನ್ನು ಕಂಡುಹಿಡಿದವಳು ಚಾಮುಂಡಿ.

ಅಭ್ಯಾಸಕ್ಕೆಂದು ಬೀರಯ್ಯ ಸಂತೆಮರಹಳ್ಳಿ ಸಂತೆಯಿಂದ ಮೊಟ್ಟೆ ತಂದ. ಬಸ್ಸಿನಲ್ಲಿ ಒಂದೂ ಒಡೆಯದ ಹಾಗೆ ತೊಡೆಯ ಮೇಲೆ ಇಟ್ಟುಕೊಂಡೇ ಬಂದನಂತೆ. ನಮ್ಮ ಚಾಮುಂಡಿ ಅದಕ್ಕೆ ನಗಲೂ ಇಲ್ಲ, ಉಪಕಾರ ಅನ್ನಲೂ ಇಲ್ಲ. ಒಳಗೊಳಗೇ ಮಾತ್ರ ಏನೋ ಕರಗಿತು.

ಒಂದು ಮಧ್ಯಾಹ್ನ ನೊರೆ ಸರಿ ಬಂದಿದೆಯೇ ಎಂದು ಅವನು ಅನುಮಾನಪಟ್ಟ. ಅವಳು ಪಾತ್ರೆಯನ್ನು ಅವನ ತಲೆಯ ಮೇಲೆ ಬೋರಲು ಹಿಡಿದಳು. ಅವನು ಕಣ್ಣು ಮುಚ್ಚಿದ, ಓಡಲಿಲ್ಲ. ಗಟ್ಟಿಯಾಗಿ ನಿಂತ ನೊರೆಯೂ ಬೀಳಲಿಲ್ಲ. ಒಳಗಿನಿಂದ ಇದನ್ನು ಕಂಡ ತಾಯಿ ದೊಡ್ಡಮಾದಮ್ಮ, "ಸಾಕು ಬುಡು ಕಣಮ್ಮಿ" ಎಂದು ಗದರಿ, ತಾನೇ ನಗು ತಡೆಯಲಾರದೆ ಹಿತ್ತಲಿಗೆ ಹೋದಳು.

'ಈ ಮನುಷ್ಯ ನನ್ನ ನಂಬ್ತಾನೆ...' ಅಂದುಕೊಂಡಳು ಚಾಮುಂಡಿ. ಅವಳಿಗೆ ಅವನ ಮೇಲೆ ಪ್ರೀತಿ ಬಂದಿದ್ದು ಆಗಲೇ.

ಬುಧವಾರ ಬಂತು. ಜೀಪಿನಿಂದ ಇಂಜಿನಿಯರ್ ಸಾಹೇಬರು ಇಳಿದರು. ಹಿಂದಿನಿಂದ ಹೊಸ ಅಡುಗೆಯವನು ಕೆಂಪಯ್ಯ ಇಳಿದು, ಎಲ್ಲರೆದುರು ಬೀರಯ್ಯನ ಬೆನ್ನು ತಟ್ಟಿ "ಚೆನ್ನಾಗಿದ್ದೀಯೇನ್ಲಾ ಅಳಿಯ" ಎಂದ. ಬೀರಯ್ಯನ ಊರು ಹರದನಹಳ್ಳಿಯವನೇ, ಅವನ ಖಾಸಾ ಸೋದರಮಾವ!

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಚಾಮುಂಡಿಗೆ ಅದು ಕೇಳಿಸಿತು. ಹದಿನೈದು ದಿನ ಜಗಲಿಯಲ್ಲಿ ಕೂತಿದ್ದವನು ಈ ಒಂದು ಮಾತು ಹೇಳಲಿಲ್ಲವೇ? ಕೇಳಲು ಹೊತ್ತಿರಲಿಲ್ಲ. ನೊರೆಯ ಉಂಡೆಗಳು ಬೆಂದು ತಟ್ಟೆಯಲ್ಲಿದ್ದವು. ಹಳದಿ ಬೆರೆತ ಹಾಲು ಹದಕ್ಕೆ ಬಂದಿತ್ತು. ಅಷ್ಟರಲ್ಲಿ ಸಾಹೇಬರು ಅಡುಗೆಯವಳನ್ನು ನೋಡಬೇಕಂತೆ ಎಂದು ಕರೆ ಬಂತು. ಅವಳು ಸೌದೆಯನ್ನೆಲ್ಲ ಹೊರಗೆಳೆದು, ಬೂದಿ ಮುಚ್ಚಿದ ಕೆಂಡದ ಮೇಲೆ ಪಾತ್ರೆ ಬಿಟ್ಟು ಹೋದಳು.

ಸಾಹೇಬರು ಅಪ್ಪನ ಬಗ್ಗೆ ನಾಲ್ಕು ಮಾತಾಡಿದರು. ವಾಪಸು ಬಂದು ನೋಡಿದರೆ ಒಲೆ ಧಗಧಗ ಉರಿಯುತ್ತಿತ್ತು. ಪಾತ್ರೆಯ ಅಂಚಿನವರೆಗೆ ಉಕ್ಕಿ ಬಂದ ಹಾಲು ಒಡೆದು ಗಂಟು ಗಂಟಾಗಿತ್ತು. ಪಕ್ಕದಲ್ಲಿ ಕೊಳವೆ ಹಿಡಿದು ಉರಿ ಊದುತ್ತಿದ್ದವನು ಬೀರಯ್ಯ.

"ಯಾಕೆ ಉರಿ ಹಾಕುದ್ರಿ?"

"ಕುದೀದೆ ಇರೋ ಹಾಲ್ನ ನೆಂಟ್ರಿಗೆ ಹೆಂಗೆ ಕೊಡಾದು ಚಾಮುಂಡಿ? ಒಂದ್ಸಲ ಉಕ್ಕುಸ್ಬುಟ್ರೆ..."

ಅವನ ಮನೆಯಲ್ಲಿ, ಇವಳ ಮನೆಯಲ್ಲಿ, ಆ ಸೀಮೆಯ ಯಾವ ಮನೆಯಲ್ಲಾದರೂ ಉಕ್ಕದ ಹಾಲನ್ನು ಅತಿಥಿಯ ಮುಂದಿಟ್ಟರೆ ಮರ್ಯಾದೆ ಹೋದ ಹಾಗೆಯೇ. ಮೊಟ್ಟೆ ಬೆರೆತ ಹಾಲು ಉಕ್ಕಲೇಬಾರದು ಎಂಬುದು ಗೊತ್ತಿದ್ದದ್ದು ಚಾಮುಂಡಿಗೆ ಮಾತ್ರ. ಆದರೆ ಆ ಗಳಿಗೆಯಲ್ಲಿ ಅವಳಿಗೆ ಕಂಡದ್ದು ಬೆನ್ನು ತಟ್ಟಿದ ಮಾವನ ಕೈ.

"ನಿಮ್ಮ ಮಾವನಿಗೆ ಕೆಲ್ಸ ಸಿಕ್ಲಿ ಅಂತ್ಲೇ ಹಾಕುದ್ರಿ. ಓಗಿ ಆಚೆಗೆ."

ಅವನ ಮುಖ ಕಪ್ಪಿಟ್ಟಿತು. ಕೊಳವೆ ಕೆಳಗಿಟ್ಟ. ಎದ್ದು ಹೋದ.

ಕಣ್ಣೀರು ಬಂತು, ಒರೆಸಿಕೊಂಡಳು. ಅಳುತ್ತ ಕೂತರೆ ಕುದೇರಿನ ಮಾವನೇ ಗೆದ್ದ ಹಾಗೆ! ಒಡೆದ ಹಾಲನ್ನು ತೆಳು ಬಟ್ಟೆಯಲ್ಲಿ ಸೋಸಿದಳು. ಉಳಿದಿದ್ದ ಎರಡು ಮೊಟ್ಟೆಯ ಹಳದಿಯನ್ನು ತಣ್ಣನೆ ಹಾಲಿಗೆ ಹಾಕಿ ಕಡೆದು, ಸೋಸಿದ್ದನ್ನು ಸ್ವಲ್ಪ ಸ್ವಲ್ಪವಾಗಿ ಹೊಯ್ದು, ಬರೀ ಕೆಂಡದ ಮೇಲೆ ತಿರುವಿದಳು. ಚಮಚದ ಬೆನ್ನಿಗೆ ಅಂಟುವಷ್ಟಾಯಿತು. ಮೊದಲಿನ ನಯ ಇಲ್ಲ. ಇರಲಿ. ಉಂಡೆ ತೇಲಿಸಿ, ತಲೆ ಎತ್ತಿ ಹೊರಟಳು.

ಊಟದ ಕೋಣೆಯ ಬಾಗಿಲ ಹೊರಗೆ ಕಾಲು ನಿಂತಿತು. ಒಳಗೆ ಬೀರಯ್ಯ ಮಾತಾಡುತ್ತಿದ್ದ.

"ತಿಂಡಿ ಕೆಟ್ಟಿದ್ರೆ ತಪ್ಪು ನಂದು ಸ್ವಾಮಿ. ಅವ್ಳು ಇಲ್ದೆ ಇದ್ದಾಗ ಉರಿ ಹಾಕ್ದೋನು ನಾನು. ಕೆಂಪಯ್ಯ ನಮ್ಮ ಮಾವ. ಅದ್ನ ಮೊದ್ಲೇ ಹೇಳಿದ್ರೆ ಆ ಹುಡ್ಗಿ ನನ್ನ ಮಖ ನೋಡಕಿಲ್ಲ ಅಂತ ಹೆದ್ರಿ ಮುಚ್ಚಿಟ್ಟೆ, ಅದೂ ನನ್ನ ತಪ್ಪೇ. ಮಾವನ ಮುಂದೇನೇ ಹೇಳ್ತೀನಿ, ಈ ಕೆಲ್ಸ ಅವಳದು."

'ಎಂಥ ಮಾತಾಡಿಬಿಟ್ಟೆ...' ಅಂದುಕೊಂಡಳು ಚಾಮುಂಡಿ. ಆದರೂ ಅವನ ಮಾತಿನ ನೆರಳಲ್ಲಿ ಒಳಗೆ ಹೋಗಲು ಅವಳಿಗೆ ಮನಸ್ಸಿರಲಿಲ್ಲ. ಬಟ್ಟಲನ್ನು ಸಾಹೇಬರ ಮುಂದಿಟ್ಟಳು. "ಹಾಲು ಒಡೆದಿತ್ತು. ಸೋಸಿ ಮತ್ತೆ ಮಾಡಿವ್ನಿ. ಅಪ್ಪನ ಕೈಯಷ್ಟು ನಯ ಇಲ್ಲ. ತಿಂದು ನೋಡಿ ಹೇಳಿ, ನಾನು ಹೆಣ್ಣು ಅಂತ ನೋಡಿ ಹೇಳ್ಬೇಡಿ."

ಸಾಹೇಬರು ಒಂದು ಚಮಚ ತಿಂದರು. ಇನ್ನೊಂದು ತಿಂದರು. ಕೆಂಪಯ್ಯನ ಕಡೆ ತಿರುಗಿ, ಒಡೆದ ಹಾಲನ್ನು ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದರು.

"ಚೆಲ್ತಿದ್ದೆ ಸ್ವಾಮಿ" ಎಂದ ಕೆಂಪಯ್ಯ. ಅವನೂ ಅಡುಗೆಯವನೇ, ಸುಳ್ಳು ಹೇಳಲಿಲ್ಲ.

ಸಾಹೇಬರು ಬಟ್ಟಲು ಖಾಲಿ ಮಾಡಿ, ನಾಳೆಯಿಂದಲೇ ಚಾಮುಂಡಿ ಬಟ್ಲರ್ ಎಂದರು.

ಜೀಪು ಹೊರಟುಹೋಯಿತು. ಬೀರಯ್ಯ ಬಂಗಲೆಯ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದ. ಅವಳು ಬಂದು ಎದುರು ನಿಂತಳು.

"ತೆಪ್ಪಾಗಿ ತಿಳ್ಕಂಡೆ. ಮನಸ್ಗೆ ಹಾಕ್ಕಬೇಡಿ."

"ನಾನು ಮೊದ್ಲೇ ಹೇಳ್ಬೇಕಿತ್ತು." ಅವನು ತಲೆ ಎತ್ತಿದ. "ಚಾಮುಂಡಿ, ನಿನ್ನ ಬುಟ್ಟು ಇರಕ್ಕಾಗಕಿಲ್ಲ ನಂಗೆ. ಮದ್ವೆ ಆಯ್ತೀಯಾ?"

"ಆದ್ಮೇಲೂ ಬಟ್ಲರ್ ಕೆಲ್ಸ ಬುಡಕಿಲ್ಲ."

"ಬುಡು ಅಂದೋರ್ಯಾರು? ನಮ್ಮವ್ವ ಒಂದ್ಸಲ ನಿನ್ನ ನೋಡ್ಬೇಕು ಅಂತಾಳೆ. ಭಾನುವಾರ ಹರದನಹಳ್ಳಿಗೆ ಹೋಗನಾ?"

"ಬತ್ತೀನಿ."

ಅವನ ಮುಖ ಅರಳಿತು. ಸ್ವಲ್ಪ ಬಿಗುಮಾನ ತಂದುಕೊಂಡು ಹೇಳಿದ: "ಆದ್ರೆ ನೀನೀಗ ಬಂಗ್ಲೆ ನೌಕ್ರಿಯೋಳು. ಮೇಲ್ವಿಚಾರಕನ್ನ ರಜ ಕೇಳ್ಬೇಕು."

ಚಾಮುಂಡಿ ಅವನ ಪಕ್ಕದಲ್ಲೇ, ಅದೇ ಮೆಟ್ಟಿಲ ಮೇಲೆ ಕೂತಳು.

"ಕೇಳಕಿಲ್ಲ" ಎಂದಳು. "ಯೋಳ್ತೀನಿ, ಅಷ್ಟೆ."